ಕಾರ್ಡ್ ಕೊಟ್ಟರೆ ಎರಡು ಪರ್ಸೆಂಟ್ ಜಾಸ್ತಿ: ಈ ದುಡ್ಡು ಯಾರು ಕೊಡಬೇಕು?

ಸರಸ್ವತಿಪುರಂ ಟೀಚರ್:

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆಯ ಅಂಗಡಿಯವರೂ ಗಿರಾಕಿಗಳೂ ಇಲ್ಲಿದ್ದೀರಿ, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ.

ಹೋದ ವಾರ ಮನೆಗೆ ವಾಷಿಂಗ್ ಮೆಷಿನ್ ತಂದೆವು. ಚೌಕಾಸಿ ಮುಗಿದು 32,000 ರೂಪಾಯಿಗೆ ಮಾತಾಯಿತು. ದುಡ್ಡು ಕೊಡುವಾಗ ಕ್ರೆಡಿಟ್ ಕಾರ್ಡ್ ತೆಗೆದರೆ, "ಕಾರ್ಡಿಗೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಮೇಡಂ" ಅಂದರು. ಅಂದರೆ 640 ರೂಪಾಯಿ. ಹೋಗಲಿ ಅಂತ ಡೆಬಿಟ್ ಕಾರ್ಡ್ ಕೊಟ್ಟೆ. ಅದಕ್ಕೂ ಅದೇ ಎರಡು ಪರ್ಸೆಂಟ್! ಆ ಖಾತೆಗೆ ಯುಪಿಐ ಜೋಡಿಸಿಲ್ಲ. ಉಳಿತಾಯದ ದುಡ್ಡೆಲ್ಲ ಅದರಲ್ಲೇ ಇದೆ, ಫೋನಿಗೆ ಜೋಡಿಸಲು ಮನಸ್ಸು ಒಪ್ಪುವುದಿಲ್ಲ. ಆಟೋ ಹೊರಗೆ ಕಾಯುತ್ತಿತ್ತು, 640 ಕೊಟ್ಟು ಬಂದೆವು.

ಮನೆಗೆ ಬಂದು ನೋಡಿದರೆ ಬಿಲ್ಲಿನಲ್ಲಿ 32,000 ಇದೆ. ಸ್ವೈಪ್ ಮೆಷಿನ್ ಚೀಟಿಯಲ್ಲಿ 32,640 ಇದೆ. ಆ 640 ಎಲ್ಲೂ ಲೆಕ್ಕಕ್ಕೇ ಇಲ್ಲ.

ಅಂಗಡಿಯವರು ಒಳ್ಳೆಯವರೇ, ಮಾಲು ಚೆನ್ನಾಗಿದೆ. ಆದರೆ ಇದು ನಿಯಮವಾ, ರೂಢಿಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಮಂಡ್ಯ ಮೊಬೈಲ್ ಅಂಗಡಿ:

ಮೇಡಂ, ನಾನೂ ಅಂಗಡಿ ಇಟ್ಟವನು. ನಮ್ಮ ಕಡೆಯ ಲೆಕ್ಕವನ್ನೂ ಸ್ವಲ್ಪ ಕೇಳಿ.

20,000 ರೂಪಾಯಿಯ ಫೋನ್ ಅಂತ ಇಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ಕಡೆಯಿಂದ ನನಗೆ ಸಿಗುವ ಮಾರ್ಜಿನ್ ನಾಲ್ಕು ಪರ್ಸೆಂಟ್ ಇದ್ದರೆ 800 ರೂಪಾಯಿ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ನಮ್ಮ ಬ್ಯಾಂಕು 1.8 ಪರ್ಸೆಂಟ್ ಹಿಡಿಯುತ್ತದೆ. ಅದು 360. ಆ 360ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 64 ರೂಪಾಯಿ 80 ಪೈಸೆ. ಒಟ್ಟು 424.80 ಹೋಯಿತು. ನನಗೆ ಉಳಿದದ್ದು 375.20. ಜಿಎಸ್‌ಟಿ ಭಾಗವನ್ನು ಆಮೇಲೆ ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಒಟ್ಟಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯವರಿಗೆ ಅದೂ ಇಲ್ಲ. ಉಳಿದ ಆ ದುಡ್ಡಿನಲ್ಲೇ ಬಾಡಿಗೆ, ಕರೆಂಟು, ಹುಡುಗರ ಸಂಬಳ. ಇದರ ಜೊತೆಗೆ ಗಿರಾಕಿಗೆ ಟೆಂಪರ್ ಗ್ಲಾಸ್, ಕವರ್ ಫ್ರೀ ಬೇಕು.

ಎರಡು ಪರ್ಸೆಂಟ್ ಕೇಳುವವರೆಲ್ಲ ದುರಾಸೆಯವರಲ್ಲ, ಅಷ್ಟೇ ನಾನು ಹೇಳುವುದು. ಚೌಕಾಸಿ ಮಾಡಿ ಕೊನೆಯ ಪೈಸೆಯವರೆಗೂ ಇಳಿಸಿದ ಮೇಲೆ ಕಾರ್ಡ್ ತೆಗೆದರೆ ನಾವು ಎಲ್ಲಿಂದ ತರೋಣ?

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಇಬ್ಬರ ಮಾತೂ ನಿಜ. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡೋಣ.

ಅಂಗಡಿಯವರಿಂದ ಹಿಡಿಯುವ ಈ ಕಮಿಷನ್‌ಗೆ ಬ್ಯಾಂಕಿನಲ್ಲಿ ಎಂಡಿಆರ್ ಅನ್ನುತ್ತೇವೆ. ಅದು ಒಬ್ಬರ ಜೇಬಿಗೆ ಹೋಗುವುದಿಲ್ಲ. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೊಡ್ಡ ಪಾಲು. ಅಂಗಡಿಗೆ ಮೆಷಿನ್ ಕೊಟ್ಟ ಬ್ಯಾಂಕಿಗೆ ಒಂದು ಪಾಲು. ನಡುವೆ ಎರಡೂ ಬ್ಯಾಂಕನ್ನು ಜೋಡಿಸುವ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಅಂತ ಇದ್ದಾರಲ್ಲ, ಅವರಿಗೆ ಒಂದು ಪಾಲು. ಕ್ರೆಡಿಟ್ ಕಾರ್ಡಿಗೆ ಜಾಸ್ತಿ ಯಾಕೆ ಅಂದರೆ, ಕಾರ್ಡ್ ಕೊಟ್ಟ ಬ್ಯಾಂಕು ಅಂಗಡಿಗೆ ಬೇಗ ದುಡ್ಡು ಕಟ್ಟುತ್ತದೆ, ನಿಮ್ಮಿಂದ ವಸೂಲು ಮಾಡಲು ಒಂದೂವರೆ ತಿಂಗಳವರೆಗೂ ಕಾಯುತ್ತದೆ. ಆ ಬಡ್ಡಿ, ಮುಳುಗುವ ಸಾಲ, ನಿಮ್ಮ ರಿವಾರ್ಡ್ ಪಾಯಿಂಟು ಎಲ್ಲದಕ್ಕೂ ಒಂದು ಪಾಲು ದುಡ್ಡನ್ನು ಇಲ್ಲಿಂದಲೇ ಹೊಂದಿಸುತ್ತಾರೆ.

ಡೆಬಿಟ್ ಕಾರ್ಡ್ ಹಾಗಲ್ಲ. ದುಡ್ಡು ನಿಮ್ಮದೇ, ಸಾಲ ಅನ್ನುವ ಮಾತೇ ಇಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2017ರ ಡಿಸೆಂಬರ್‌ನಲ್ಲಿ ಆದೇಶ ಮಾಡಿ, 2018ರ ಜನವರಿ 1ರಿಂದ ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ಮಿತಿ ಹಾಕಿತು. ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗೆ ಇರುವ ಅಂಗಡಿಗೆ ಸ್ವೈಪ್ ಮಾಡಿದರೆ 0.40 ಪರ್ಸೆಂಟ್, ಎಷ್ಟೇ ದೊಡ್ಡ ಬಿಲ್ ಇದ್ದರೂ 200 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ 0.90 ಪರ್ಸೆಂಟ್, 1,000 ರೂಪಾಯಿ ದಾಟುವಂತಿಲ್ಲ. ಈ ಶುಲ್ಕವನ್ನು ಗಿರಾಕಿಯ ಮೇಲೆ ಹಾಕದಂತೆ ಬ್ಯಾಂಕುಗಳೇ ನೋಡಿಕೊಳ್ಳಬೇಕು ಅಂತಲೂ ಅದೇ ಆದೇಶದಲ್ಲಿದೆ.

ಲೆಕ್ಕ ಹಾಕಿ. 32,000ಕ್ಕೆ 0.90 ಪರ್ಸೆಂಟ್ ಅಂದರೆ 288 ರೂಪಾಯಿ. ನಿಮ್ಮಿಂದ ತಗೊಂಡದ್ದು 640.

ಕ್ರೆಡಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಇಂಥ ಮಿತಿ ಹಾಕಿಲ್ಲ. ದರ ಬ್ಯಾಂಕು ಮತ್ತು ಅಂಗಡಿಯ ನಡುವೆ ತೀರ್ಮಾನವಾಗುತ್ತದೆ. ಆದರೆ ಗಿರಾಕಿಯಿಂದ ಬೇರೆ ಚಾರ್ಜ್ ತಗೊಳ್ಳಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಮೆಷಿನ್ ಒಪ್ಪಂದದಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ.

ಟೀಚರ್, ನಿಮ್ಮ ಡೆಬಿಟ್ ಕಾರ್ಡ್ ಯಾವುದು? ಮುಂದೆಯೋ ಹಿಂದೆಯೋ ಮೂಲೆಯಲ್ಲಿ ಹೆಸರು ಇರುತ್ತದೆ, ನೋಡಿ.

ಸರಸ್ವತಿಪುರಂ ಟೀಚರ್:

ನೋಡಿದೆ ಸರ್. ರುಪೇ ಅಂತ ಇದೆ.

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಹಾಗಾದರೆ ನಿಮ್ಮದು ನೇರವಾಗಿ ಅನ್ಯಾಯ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಭೀಮ್ ಯುಪಿಐಗೂ ಎಂಡಿಆರ್ ಸೊನ್ನೆ. ಇದು ಬ್ಯಾಂಕಿನ ರಿಯಾಯಿತಿ ಅಲ್ಲ, ಕಾನೂನು. ನೀವು 32,640 ಉಜ್ಜಿದಿರಿ, ಅಂಗಡಿಯ ಖಾತೆಗೆ ಪೂರ್ತಿ 32,640 ಹೋಗಿರಬೇಕು. ಬ್ಯಾಂಕಿಗೆ ಒಂದು ಪೈಸೆ ಕಟ್ಟದೆ ಬ್ಯಾಂಕಿನ ಹೆಸರಲ್ಲಿ 640 ತಗೊಂಡ ಹಾಗಾಯಿತು. ಬಿಲ್ಲಿನಲ್ಲಿ ತೋರಿಸಿಲ್ಲ ಅನ್ನುವುದು ಇನ್ನೊಂದು ತಪ್ಪು.

ಬಿಲ್ಲು, ಸ್ವೈಪ್ ಚೀಟಿ ಎರಡರ ಫೋಟೋ ತೆಗೆದಿಡಿ. ಚೀಟಿಯ ಅಕ್ಷರ ಬೇಗ ಮಾಸಿಹೋಗುತ್ತದೆ. ಮೊದಲು ಅಂಗಡಿಯ ಯಜಮಾನರ ಹತ್ತಿರ ಸಮಾಧಾನವಾಗಿ ಮಾತಾಡಿ. ಆಗದಿದ್ದರೆ ಚೀಟಿಯ ಮೇಲ್ಭಾಗದಲ್ಲಿ ಹೆಸರಿರುವ ಬ್ಯಾಂಕಿಗೆ ದೂರು ಕೊಡಿ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಮಂಡ್ಯ ಮೊಬೈಲ್ ಅಂಗಡಿ:

ರುಪೇ ಡೆಬಿಟ್‌ಗೆ ಎರಡು ಪರ್ಸೆಂಟ್ ತಗೊಂಡಿದ್ದನ್ನು ನಾನು ಸಮರ್ಥಿಸುವುದಿಲ್ಲ. ತಪ್ಪು ತಪ್ಪೇ. ಆದರೆ ಒಂದು ಮಾತು. ಕೌಂಟರಿನಲ್ಲಿ ಕೂತ ಹುಡುಗನಿಗೆ ಯಾವ ಕಾರ್ಡಿಗೆ ಎಷ್ಟು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವನಿಗೆ ಕಾರ್ಡ್ ಅಂದರೆ ಕಾರ್ಡ್. ಬ್ಯಾಂಕಿನವರೂ ಬಿಡಿಸಿ ಹೇಳುವುದಿಲ್ಲ. ಮೆಷಿನ್ ಕೊಡುವಾಗ ಹತ್ತು ಸಲ ಅಂಗಡಿಗೆ ಬರುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ.

ಹೆಬ್ಬಾಳ್ ಐಟಿ:

ನನಗೆ ಅರ್ಥವಾಗದ್ದು ಒಂದಿದೆ. ನಾನು ಕ್ರೆಡಿಟ್ ಕಾರ್ಡ್ ಬಳಸುವುದು ಪಾಯಿಂಟಿಗಾಗಿ, ಮತ್ತೆ ಏರ್‌ಪೋರ್ಟಿನ ಲೌಂಜ್‌ಗಾಗಿ. ಬಿಲ್ ಒಂದು ತಿಂಗಳೂ ತಪ್ಪಿಸುವುದಿಲ್ಲ, ಬಡ್ಡಿ ಕಟ್ಟುವುದೇ ಇಲ್ಲ. ಬ್ಯಾಂಕಿಗೆ ನನ್ನಿಂದ ನಷ್ಟ ಅಂದುಕೊಂಡಿದ್ದೆ. ಈಗ ಸರ್ ಹೇಳಿದ್ದು ನೋಡಿದರೆ ನನ್ನ ಪಾಯಿಂಟಿನ ದುಡ್ಡು ಅಂಗಡಿಯವರ ಮಾರ್ಜಿನ್‌ನಿಂದ ಬರುತ್ತಿದೆ, ಅಲ್ವಾ? ಎರಡು ಪರ್ಸೆಂಟ್ ಜಾಸ್ತಿ ಕೊಟ್ಟು ಒಂದು ಪರ್ಸೆಂಟ್ ಪಾಯಿಂಟ್ ತಗೊಂಡರೆ ಲೆಕ್ಕ ನನಗೇ ಉಲ್ಟಾ ಹೊಡೆಯುತ್ತದೆ.

ಶ್ರೀರಂಗಪಟ್ಟಣ ಹತ್ತಿರದ ಹಳ್ಳಿ:

ತಮ್ಮ, ಅಂಗಡಿಯವರ ಮಾರ್ಜಿನ್‌ನಿಂದ ಅಷ್ಟೇ ಅಲ್ಲ. ನಮ್ಮ ಜೇಬಿನಿಂದಲೂ ಹೋಗುತ್ತಿದೆ.

ನಮ್ಮಮ್ಮ ಮೈಸೂರಿಗೆ ಬಂದು ಸೂಪರ್ ಮಾರ್ಕೆಟ್‌ನಲ್ಲಿ ಎಣ್ಣೆ, ಬೇಳೆ, ಸೋಪು ತಗೊಳ್ಳುತ್ತಾರೆ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಕೊಡುತ್ತಾರೆ. ಹಿಂದೆ ನಿಂತವರು ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಇಬ್ಬರಿಗೂ ರೇಟು ಒಂದೇ. ಆ ಅಂಗಡಿಯವನು ಕಾರ್ಡಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿ ರೇಟಿಗೆ ಸೇರಿಸಿರುತ್ತಾನೆ, ಯಾಕೆಂದರೆ ಅವನು ನಷ್ಟಕ್ಕೆ ವ್ಯಾಪಾರ ಮಾಡುವುದಿಲ್ಲ. ನಮ್ಮಮ್ಮ ಆ ಖರ್ಚಿನ ಪಾಲು ಕೊಡುತ್ತಾರೆ. ಪಾಯಿಂಟು ಇನ್ನೊಬ್ಬರಿಗೆ. ನಮ್ಮಮ್ಮನಿಗೆ ಈ ಜನ್ಮದಲ್ಲಿ ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕಿಲ್ಲ.

ಹಾಗಾಗಿ ಎರಡು ಪರ್ಸೆಂಟ್ ಬೇರೆ ಕೇಳುವ ಅಂಗಡಿಯೇ ನನಗೆ ನ್ಯಾಯವಾಗಿ ಕಾಣುತ್ತದೆ. ಯಾರು ಬಳಸುತ್ತಾರೋ ಅವರು ಕೊಡಲಿ. ಮುಚ್ಚಿಟ್ಟು ಎಲ್ಲರ ಮೇಲೆ ಹಾಕುವುದಕ್ಕಿಂತ ಅದು ಮೇಲು.

ಅರಸು ರಸ್ತೆ ಬಟ್ಟೆ ಅಂಗಡಿ:

ಎಲ್ಲ ಅಂಗಡಿಗೂ ಒಂದೇ ಲೆಕ್ಕ ಆಗುವುದಿಲ್ಲ ಅಣ್ಣ. ನಾವು ಬಟ್ಟೆ ವ್ಯಾಪಾರದವರು. ಮೊಬೈಲ್‌ನವರ ಹಾಗೆ ನಾಲ್ಕು ಪರ್ಸೆಂಟಲ್ಲಿ ನಾವು ಬದುಕುತ್ತಿಲ್ಲ, ನಮ್ಮ ಮಾರ್ಜಿನ್ ಜಾಸ್ತಿ ಇದೆ. ಅದಕ್ಕೆ ಕಾರ್ಡಿಗೆ ಅಂತ ಒಂದು ರೂಪಾಯಿಯನ್ನೂ ಬೇರೆ ಕೇಳುವುದಿಲ್ಲ.

ಕ್ಯಾಶಿಗೂ ಖರ್ಚಿದೆ ಅನ್ನುವುದನ್ನು ಯಾರೂ ಹೇಳುತ್ತಿಲ್ಲ. ದಸರಾ ಸಮಯದಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ಇಬ್ಬರು ಕೂತು ನೋಟು ಎಣಿಸುತ್ತೇವೆ. ಅದರಲ್ಲಿ ಒಂದು ಖೋಟಾ ಐನೂರು ಸಿಕ್ಕಿದರೆ ಆ ದಿನದ ನೆಮ್ಮದಿ ಹೋಯಿತು. ಬೆಳಿಗ್ಗೆ ಬ್ಯಾಂಕಿಗೆ ಕಟ್ಟಲು ಒಬ್ಬ ಹುಡುಗನನ್ನು ಕಳಿಸಬೇಕು. ಕರೆಂಟ್ ಅಕೌಂಟಿಗೆ ತಿಂಗಳಿಗೆ ಇಷ್ಟು ಅಂತ ಮಿತಿ ಇರುತ್ತದೆ, ಅದು ದಾಟಿದರೆ ಕ್ಯಾಶ್ ಕಟ್ಟಿದ್ದಕ್ಕೂ ಬ್ಯಾಂಕು ಚಾರ್ಜ್ ಹಾಕುತ್ತದೆ. ಚಿಲ್ಲರೆ ಗೋಳು ಬೇರೆ.

ಇನ್ನೊಂದು. ಕಾರ್ಡ್ ಇರುವವರು ಎರಡು ಸೀರೆ ನೋಡಲು ಬಂದು ಮೂರು ತಗೊಂಡು ಹೋಗುತ್ತಾರೆ. ಆ ಮೂರನೇ ಸೀರೆಯ ಲಾಭದ ಮುಂದೆ ಎರಡು ಪರ್ಸೆಂಟ್ ನಮಗೆ ಭಾರವಲ್ಲ. ಕಿರಾಣಿಯವರಿಗೆ ಈ ಅನುಕೂಲ ಇಲ್ಲ. ಕಾರ್ಡ್ ಇದೆ ಅಂತ ಯಾರೂ ಎರಡು ಮೂಟೆ ಅಕ್ಕಿ ಜಾಸ್ತಿ ಒಯ್ಯುವುದಿಲ್ಲ.

ಪಾಂಡವಪುರ ಗೊಬ್ಬರದ ಅಂಗಡಿ:

ಬಟ್ಟೆ ಅಂಗಡಿಯವರು ಸರಿಯಾಗಿ ಹೇಳಿದರು. ನಮ್ಮ ಕಥೆ ಇನ್ನೂ ಬಿಗಿ.

45 ಕೆಜಿ ಯೂರಿಯಾ ಚೀಲಕ್ಕೆ ಸರ್ಕಾರ ಕಟ್ಟಿದ ಬೆಲೆ 266 ರೂಪಾಯಿ 50 ಪೈಸೆ. ಅದರ ಮೇಲೆ ಒಂದು ರೂಪಾಯಿ ತಗೊಂಡರೂ ಲೈಸೆನ್ಸಿಗೆ ಕುತ್ತು. ನಮಗೆ ಚೀಲಕ್ಕೆ ಸಿಗುವುದು ಹದಿನೈದು ಹದಿನಾರು ರೂಪಾಯಿ. ಇಳಿಸುವ ಕೂಲಿಯೂ ಅದರಲ್ಲೇ. ಹತ್ತು ಚೀಲಕ್ಕೆ 2,665 ಆಯಿತು. ಕ್ರೆಡಿಟ್ ಕಾರ್ಡಿಗೆ ನಮ್ಮ ಬ್ಯಾಂಕು ಹಿಡಿಯುವುದು ಎರಡು ಪರ್ಸೆಂಟ್ ಮತ್ತು ಜಿಎಸ್‌ಟಿ, ಸುಮಾರು 63 ರೂಪಾಯಿ. ನನ್ನ ಮಾರ್ಜಿನ್‌ನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಹೋಯಿತು. ರೇಟಿಗೆ ಸೇರಿಸೋಣ ಅಂದರೆ ಸೇರಿಸುವಂತಿಲ್ಲ. ಬೇರೆ ಕೇಳೋಣ ಅಂದರೆ ಕೇಳುವಂತಿಲ್ಲ. ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಡ ಅನ್ನುತ್ತೇನೆ. ರೈತರು, "ಮೇಜಿನ ಮೇಲೆ ಮೆಷಿನ್ ಇಟ್ಟುಕೊಂಡು ಇಲ್ಲ ಅಂತೀರಲ್ಲ" ಅಂತ ರೇಗುತ್ತಾರೆ. ಅದು ಆಧಾರ್ ನೋಡಿ ಬೆರಳಚ್ಚು ತಗೊಳ್ಳುವ ಸಬ್ಸಿಡಿ ಮೆಷಿನ್, ಕಾರ್ಡಿನದಲ್ಲ!

ಈಗ ಹೊಸದೊಂದು ಶುರುವಾಗಿದೆ. ರೈತರ ಮಕ್ಕಳು ನಮ್ಮ ಸ್ಕ್ಯಾನರ್‌ಗೇ ಫೋನ್ ಹಿಡಿದು ಕಟ್ಟುತ್ತಾರೆ. ಯುಪಿಐ ಅಂತಲೇ ಕಾಣುತ್ತದೆ. ಖಾತೆಗೆ ಮಾತ್ರ ಕಡಿಮೆ ಬಂದಿರುತ್ತದೆ. ಇದು ಯಾಕೆ ಸರ್?

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಅದು ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್. 2022ರಿಂದ ಬಂದಿದೆ. ಸೊನ್ನೆ ಎಂಡಿಆರ್ ಇರುವುದು ಖಾತೆಯಿಂದ ಖಾತೆಗೆ ಹೋಗುವ ಯುಪಿಐಗೆ ಮತ್ತು ರುಪೇ ಡೆಬಿಟ್‌ಗೆ. ಕ್ರೆಡಿಟ್ ಕಾರ್ಡನ್ನು ಯುಪಿಐ ಮೂಲಕ ಕೊಟ್ಟರೂ ಅದು ಕ್ರೆಡಿಟ್ಟೇ. ಸಣ್ಣ ವ್ಯಾಪಾರಿ ಅಂತ ಬ್ಯಾಂಕಿನಲ್ಲಿ ದಾಖಲಾದವರಿಗೆ 2,000 ರೂಪಾಯಿವರೆಗೆ ಇದರಲ್ಲೂ ಏನೂ ಹಿಡಿಯುವುದಿಲ್ಲ. ನಿಮ್ಮದು 2,665, ಮಿತಿ ದಾಟಿತು. ಆ್ಯಪ್‌ನಲ್ಲಿ ಮುಂಚೆಯೇ ತುಂಬಿಟ್ಟ ವಾಲೆಟ್ ದುಡ್ಡನ್ನು ಯುಪಿಐ ಮೂಲಕ ಕೊಟ್ಟಾಗಲೂ 2,000ದ ಮೇಲೆ ಶುಲ್ಕ ಇದೆ, 2023ರ ಏಪ್ರಿಲ್‌ನಿಂದ.

ಸಿಡ್ನಿಯಿಂದ ಮೈಸೂರಿನವ:

ಶ್ರೀರಂಗಪಟ್ಟಣದ ಕಡೆಯವರು ಹೇಳಿದ್ದು, ಬಳಸುವವರೇ ಕೊಡಲಿ ಅನ್ನುವುದು, ಇಲ್ಲಿ ಆಗಿದೆ. ಆಸ್ಟ್ರೇಲಿಯಾದಲ್ಲಿ 2003ರಿಂದ ಅಂಗಡಿಯವರು ಕಾರ್ಡಿಗೆ ಬೇರೆ ಶುಲ್ಕ ಹಾಕಬಹುದು. ಆಮೇಲೆ, ನಿಜವಾಗಿ ಆಗುವ ಖರ್ಚಿಗಿಂತ ಜಾಸ್ತಿ ಹಾಕಬಾರದು ಅಂತ ನಿಯಮ ಬಂತು. ಕೇಳಲು ಚೆನ್ನಾಗಿದೆ. ಆದರೆ ಕ್ಯಾಶ್ ಬಳಕೆ ಕಡಿಮೆಯಾಗುತ್ತಾ ಬಂದು, ಎಷ್ಟೋ ಕಡೆ ಒಂದು ಕಾಫಿಗೂ ಶುಲ್ಕ ಕೊಟ್ಟೇ ಕುಡಿಯುವ ಹಾಗಾಯಿತು. ಬೇಡ ಅಂದರೆ ಬೇರೆ ದಾರಿ ಇಲ್ಲ. ಡೆಬಿಟ್‌ಗೂ ಕ್ರೆಡಿಟ್‌ಗೂ ಒಂದೇ ದರ ಹಾಕುವ ಅಂಗಡಿಗಳೂ ಇವೆ, ಟೀಚರ್‌ಗೆ ಆದ ಹಾಗೇ. ಜನ ಬೇಸತ್ತಿದ್ದಾರೆ. 2025ರ ಜುಲೈನಲ್ಲಿ ಇಲ್ಲಿನ ರಿಸರ್ವ್ ಬ್ಯಾಂಕು ಈ ಶುಲ್ಕ ತೆಗೆಯುವ ಪ್ರಸ್ತಾವ ಇಟ್ಟಿತು.

ಬ್ರಿಟನ್ 2018ರ ಜನವರಿಯಲ್ಲೇ ಇಂಥ ಶುಲ್ಕ ನಿಷೇಧಿಸಿತು. ಯುರೋಪಿನವರು ಇನ್ನೊಂದು ದಾರಿಯನ್ನೂ ಹಿಡಿದರು. ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುವ ಪಾಲಿಗೇ 2015ರ ಡಿಸೆಂಬರ್‌ನಿಂದ ಬೀಗ ಹಾಕಿದರು: ಡೆಬಿಟ್‌ಗೆ 0.2, ಕ್ರೆಡಿಟ್‌ಗೆ 0.3 ಪರ್ಸೆಂಟ್. ನನ್ನ ಪ್ರಕಾರ ಕೈ ಹಾಕಬೇಕಾದ ಜಾಗ ಅದೇ. ಅಂಗಡಿಯವರೂ ಗಿರಾಕಿಯೂ ಕೌಂಟರಿನಲ್ಲಿ ನಿಂತು ಜಗಳ ಆಡಿದರೆ, ದುಡ್ಡು ತಗೊಂಡವರು ಅಲ್ಲಿ ಇರುವುದೇ ಇಲ್ಲ.

ಮಾರ್ಕೆಟ್ ಹೂವಿನವಳು:

ನಾನು ದೇವರಾಜ ಮಾರ್ಕೆಟ್ ಹತ್ತಿರ ಹೂವು ಮಾರುತ್ತೇನೆ. ಕಾರ್ಡ್ ವಿಷಯ ನನಗೆ ಬೇಡ, ನಮ್ಮಲ್ಲಿ ಯುಪಿಐ ಮಾತ್ರ. ಒಂದು ಮಾರು ಮಲ್ಲಿಗೆಗೆ ಯಾರೂ ಕಾರ್ಡ್ ಉಜ್ಜುವುದಿಲ್ಲ. ಸ್ಕ್ಯಾನ್ ಮಾಡುತ್ತಾರೆ, ದುಡ್ಡು ಬಂತು ಅಂತ ಡಬ್ಬ ಕೂಗುತ್ತದೆ, ಮುಗಿಯಿತು. ಆ ಡಬ್ಬಕ್ಕೆ ತಿಂಗಳ ಬಾಡಿಗೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

2025ರ ಜುಲೈನಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತು. ನಮ್ಮ ಸಾಲಿನಲ್ಲಿ ಸ್ಕ್ಯಾನರ್ ಮೇಲೆ ಪೇಪರ್ ಅಂಟಿಸಿದರು, ಕ್ಯಾಶ್ ಮಾತ್ರ ಅಂದರು. ಹೂವು, ತರಕಾರಿ, ಹಾಲಿಗೆ ಜಿಎಸ್‌ಟಿ ಇಲ್ಲವೇ ಇಲ್ಲ, ಆದರೂ ಭಯ. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು, ಹಳೇ ಬಾಕಿ ವಸೂಲು ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿ ಅಂದರು. ಪೇಪರ್ ಕಿತ್ತರು. ಈಗ ಯುಪಿಐಗೂ ಚಾರ್ಜ್ ಹಾಕುತ್ತಾರಂತೆ ಅಂತ ಆಗಾಗ ಸುದ್ದಿ ಬರುತ್ತದೆ. ಹತ್ತು ರೂಪಾಯಿ ಹೂವಿಗೆ ಅವರು ಎಷ್ಟು ತಗೊಳ್ಳುತ್ತಾರೆ? ಹಾಗೇನಾದರೂ ಆದರೆ ಆವತ್ತೇ ನಾನು ಡಬ್ಬ ವಾಪಸ್ ಕೊಡುತ್ತೇನೆ.

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಅಮ್ಮ, ಆ ಸುದ್ದಿ ಸುಳ್ಳು ಅಂತ 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯವೇ ಹೇಳಿದೆ. ಆದರೆ ಯುಪಿಐ ನಡೆಸಲು ಖರ್ಚಿಲ್ಲ ಅಂತಲ್ಲ. ಬ್ಯಾಂಕು, ಆ್ಯಪ್‌ನವರು ಹೊರುತ್ತಾರೆ, ಸರ್ಕಾರ ಸ್ವಲ್ಪ ತುಂಬುತ್ತದೆ. 2024-25ಕ್ಕೆ ಅಂತ 1,500 ಕೋಟಿ ಇಟ್ಟಿದ್ದರು. ಸಣ್ಣ ವ್ಯಾಪಾರಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗೆ 0.15 ಪರ್ಸೆಂಟ್ ಲೆಕ್ಕದಲ್ಲಿ. ಅದು ನಮ್ಮೆಲ್ಲರ ತೆರಿಗೆ ದುಡ್ಡು. ಹೂವಿನವರ ಡಬ್ಬ ಕೂಗುವುದಕ್ಕೆ ತೆರಿಗೆ ದುಡ್ಡು ಹೋದರೆ ನನಗೆ ಬೇಜಾರಿಲ್ಲ. ರಸ್ತೆಗೆ, ಬೀದಿ ದೀಪಕ್ಕೆ ಹೋಗುವುದಿಲ್ಲವೇ?

ಮದುವೆ ಮನೆ, ಮದ್ದೂರು:

ಸರ್, ತಂಗಿ ಮದುವೆಗೆ ಚಿನ್ನ ತಗೊಳ್ಳಬೇಕು, ಸುಮಾರು ಎರಡು ಲಕ್ಷದ್ದು. ಮೈಸೂರಿನಲ್ಲಿ ವಿಚಾರಿಸಿದರೆ ಕಾರ್ಡಿಗೆ ಎರಡು ಪರ್ಸೆಂಟ್ ಅಂದರು. ನಾಲ್ಕು ಸಾವಿರ! ಕ್ಯಾಶ್ ಕೊಡಬಹುದಾ?

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಎರಡು ಲಕ್ಷ ಮತ್ತು ಅದರ ಮೇಲೆ ಕ್ಯಾಶ್ ತಗೊಳ್ಳುವಂತಿಲ್ಲ, 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನಿನಲ್ಲಿ ತಡೆ ಇದೆ. ಸುಮ್ನೆ ಆ ದಾರಿಗೆ ಹೋಗಬೇಡಿ. ಡೆಬಿಟ್ ಕಾರ್ಡ್ ಆದರೆ ಅಂಗಡಿಗೆ ಬೀಳುವುದು ಹೆಚ್ಚೆಂದರೆ 1,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ರುಪೇ ಆದರೆ ಅದೂ ಇಲ್ಲ. ನಾಲ್ಕು ಸಾವಿರ ಕೇಳಿದರೆ ಈ ಲೆಕ್ಕ ಅವರ ಮುಂದೆ ಇಡಿ. ಎಲ್ಲಕ್ಕಿಂತ ಒಳ್ಳೆಯದು ನೆಟ್ ಬ್ಯಾಂಕಿಂಗ್‌ನಲ್ಲಿ ನೆಫ್ಟ್ ಮಾಡುವುದು, ಅಂದರೆ ನಿಮ್ಮ ಖಾತೆಯಿಂದ ನೇರ ಅಂಗಡಿಯ ಖಾತೆಗೆ ಕಳಿಸುವುದು. ಉಳಿತಾಯ ಖಾತೆಯವರಿಗೆ ಶುಲ್ಕ ಇಲ್ಲ, ಭಾನುವಾರವೂ ನಡೆಯುತ್ತದೆ. ಹೊಸ ಖಾತೆ ಸೇರಿಸಿದ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಕೆಲವು ಬ್ಯಾಂಕು ಬಿಡುವುದಿಲ್ಲ. ಅಂಗಡಿಯವರ ಖಾತೆ ವಿವರ ಮುಂಚೆಯೇ ತಗೊಂಡು ಸೇರಿಸಿಡಿ. ಎಲ್ಲಕ್ಕೂ ಮೊದಲು, ರೇಟು ಮಾತಾಡುವಾಗಲೇ ಯಾವ ರೀತಿ ಕೊಡುತ್ತೀರಿ ಅಂತ ಹೇಳಿಬಿಡಿ.

ಪಾಂಡವಪುರ ಗೊಬ್ಬರದ ಅಂಗಡಿ:

ಸರ್, ಕೊನೆಗೊಂದು ಪ್ರಶ್ನೆ. ನಮ್ಮನ್ನು ಸಣ್ಣ ವ್ಯಾಪಾರಿ ಅಂತ ಹಾಕಿದ್ದಾರಾ, ದೊಡ್ಡವರ ಸಾಲಿಗೆ ಸೇರಿಸಿದ್ದಾರಾ ಅಂತ ತಿಳಿಯುವುದು ಹೇಗೆ?

ನಿವೃತ್ತ ಬ್ಯಾಂಕಿನವ, ಕುವೆಂಪುನಗರ:

ಮೆಷಿನ್ ಕೊಟ್ಟ ಬ್ಯಾಂಕಿನಲ್ಲಿ ತಿಂಗಳ ಎಂಡಿಆರ್ ಸ್ಟೇಟ್‌ಮೆಂಟ್ ಕೇಳಿ. ಒಟ್ಟು ಮೊತ್ತ ಬೇಡ, ಕಾರ್ಡಿನ ಬಗೆಗೆ ತಕ್ಕ ಹಾಗೆ ಬಿಡಿಸಿದ್ದು ಬೇಕು ಅನ್ನಿ. ರುಪೇ ಡೆಬಿಟ್ ಎದುರು ಸೊನ್ನೆ ಇರಬೇಕು. ಬೇರೆ ಡೆಬಿಟ್ ಎದುರು 0.40 ಇದ್ದರೆ ಸಣ್ಣವರ ಸಾಲು, 0.90 ಇದ್ದರೆ ದೊಡ್ಡವರದು. ವಹಿವಾಟು 20 ಲಕ್ಷದೊಳಗೆ ಇದ್ದೂ 0.90 ಹಿಡಿದಿದ್ದರೆ, ಹಿಂದಿನ ವರ್ಷದ ಲೆಕ್ಕದ ಪ್ರತಿ ಇಟ್ಟು ಲಿಖಿತವಾಗಿ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕ್ರೆಡಿಟ್ ದರವನ್ನು ಚೌಕಾಸಿ ಮಾಡಬಹುದು. ಇನ್ನೊಂದು ಬ್ಯಾಂಕಿನ ದರ ಬರೆಸಿಕೊಂಡು ಹೋಗಿ ತೋರಿಸಿ.

ಮಂಡ್ಯ ಮೊಬೈಲ್ ಅಂಗಡಿ:

ಅಣ್ಣ, ಚೌಕಾಸಿ ನಡೆಯುತ್ತದೆ, ನಾನು ಹಾಗೇ ಇಳಿಸಿಕೊಂಡಿದ್ದು. ದರದ ಜೊತೆ ಮೆಷಿನ್ ಬಾಡಿಗೆಯನ್ನೂ ಕೇಳಿ. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುತ್ತಾರೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ.